ಬಾಗಿಲಿಗೊಂದು ಬಾಟಲಿ

ಕಾದ ಇಸ್ತ್ರಿಪೆಟ್ಟಿಗೆ ನೀರು ಚಿಮುಕಿಸಿದ ಹತ್ತಿಬಟ್ಟೆಯ ಮೇಲೆ ಹಾಯುವಾಗ ಒಂದು ವಾಸನೆ ಏಳುತ್ತದೆ. ಅದರಲ್ಲಿ ಇದ್ದಿಲಿನ ಘಾಟು ಸ್ವಲ್ಪ, ಗಂಜಿಯ ಹುಳಿ ಸ್ವಲ್ಪ, ಬಿಸಿಲಿಗೆ ಒಣಗಿದ ಹಗ್ಗದ ವಾಸನೆ ಸ್ವಲ್ಪ. ಚೂಟಿ ಬೆಳೆದದ್ದೇ ಆ ವಾಸನೆಯಲ್ಲಿ. ಅವಳ ಅಪ್ಪನದು ಇಸ್ತ್ರಿ ಅಂಗಡಿ. ಅಂಗಡಿ ಅನ್ನುವುದು ಮರ್ಯಾದೆಗೆ, ನಿಜವಾಗಿ ಅದು ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡು. ಅಲ್ಲೊಂದು ಮೇಜು, ಮೇಜಿನ ಕೆಳಗೆ ಮಡಿಸಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಚೂಟಿ. ಬಟ್ಟೆ ತಂದವರ ಮಕ್ಕಳು ಹಿಂದಿನಿಂದ ಬಂದು ಅವಳ ಕಣ್ಣು ಮುಚ್ಚಿ "ಯಾರು ಹೇಳು ನೋಡೋಣ" ಅಂದರೆ ತಡವರಿಸುತ್ತಿದ್ದಳು. ಅಪ್ಪ ಮುಚ್ಚಲು ಬಂದರೆ ಮಾತ್ರ ಕೈ ಇನ್ನೂ ತಾಗುವ ಮೊದಲೇ "ಅಪ್ಪ!" ಎಂದು ಕಿರುಚುತ್ತಿದ್ದಳು. ಒಂದು ಕಡೆ ನಿಲ್ಲದೆ ಓಡಾಡುತ್ತಾಳೆಂದು ಚೂಟಿ ಎಂದು ಕರೆದವನೂ ಅವನೇ. ಅವನು ತೀರಿಕೊಂಡು ವರ್ಷಗಳಾದವು. ಹೆಸರು ಮಾತ್ರ ಅವಳ ಜೊತೆ ಗಂಡನ ಮನೆಗೂ ಬಂತು.

ಈಗ ಆ ಮನೆಯಲ್ಲಿದ್ದದ್ದು ಒಂದೇ ವಾಸನೆ, ಆಸ್ಪತ್ರೆಯ ಸ್ಪಿರಿಟ್ಟಿನದು.

ಮಗು ಬರಬೇಕಾದ ಹೊತ್ತಿಗಿಂತ ಬಹಳ ಮುಂಚೆ ಬಂದುಬಿಟ್ಟಿತ್ತು. ಹುಟ್ಟಿದ ಕೂಡಲೇ ಅದನ್ನು ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿ ಮೂಗಿಗೆ ನಳಿಗೆ ಇಟ್ಟರು. ಎರಡು ಪಕ್ಕದಲ್ಲೂ ಕೈ ತೂರಿಸಲು ಕಿಂಡಿಗಳಿದ್ದವು. ಡಾಕ್ಟರು, ನರ್ಸು, ರಕ್ತ ತೆಗೆಯುವವರು ಎಲ್ಲರೂ ಬಾಟಲಿಯಿಂದ ಸ್ಪಿರಿಟ್ಟು ಹಿಂಡಿಕೊಂಡು, ಕೈ ಉಜ್ಜಿ, ಆ ಕಿಂಡಿಯಿಂದಲೇ ಮಗುವನ್ನು ಮುಟ್ಟುತ್ತಿದ್ದರು. ಚೂಟಿಯೂ ಹಾಗೆಯೇ ಮುಟ್ಟಿದಳು. ಅವಳು ಪ್ರತಿ ಸಲ ಒಳಗೆ ಹೋಗುವಾಗಲೂ ನರ್ಸಮ್ಮ "ಕೈಗೆ ಹಚ್ಕೊಂಡ್ರಾ?" ಎಂದು ಕೇಳುವರು. ವಾರಗಳು ಹೋದವು. ಪಕ್ಕದ ಪೆಟ್ಟಿಗೆಯ ಮಗು ಒಂದು ಬೆಳಿಗ್ಗೆ ಇರಲಿಲ್ಲ. ಅದಕ್ಕೆ ಸೋಂಕು ತಗಲಿತ್ತಂತೆ. ಆ ದಿನದಿಂದ ಚೂಟಿ ಒಂದು ಸಲಕ್ಕೆ ಎರಡು ಸಲ ಕೈ ಉಜ್ಜತೊಡಗಿದಳು.

ಮಗುವನ್ನು ಮನೆಗೆ ಕರೆತಂದ ದಿನವೇ ಅವಳ ಗಂಡ ಮನೆಯ ಪ್ರತಿ ಬಾಗಿಲ ಪಕ್ಕದ ಗೋಡೆಗೂ ಸ್ಪಿರಿಟ್ಟಿನ ಬಾಟಲಿ ಸಿಕ್ಕಿಸಿದ. ಅವನದು ಎತ್ತರದ ಕಟ್ಟಡಗಳಲ್ಲಿ ಲಿಫ್ಟ್ ರಿಪೇರಿ ಮಾಡುವ ಕೆಲಸ. ಸ್ಕ್ರೂ, ಡ್ರಿಲ್ಲು ಯಾವಾಗಲೂ ಚೀಲದಲ್ಲೇ ಇರುತ್ತಿದ್ದವು.

"ಬಸ್ಸಲ್ಲಿ ಟಿಕೆಟ್ ಇಲ್ದೆ ಹತ್ತಿದವರನ್ನ ಇಳಿಸ್ತಿದ್ವಿ. ಈಗ ನಮ್ಮನೆ ಅಡುಗೆಮನೆಗೆ ಹೋಗೋಕೂ ಟಿಕೆಟ್ಟು" ಅಂದರು ಮಾವ. ಅವರು ಬಸ್ಸು ಓಡಿಸಿ ನಿವೃತ್ತರಾದವರು.

"ಅಪ್ಪಾ, ಮೊದ್ಲು ಹಚ್ಕೊಳ್ಳಿ, ಆಮೇಲೆ ಮಾತು."

"ಹಚ್ಕೊಂಡೆ ಮಾರಾಯ. ಮೂಸಿ ನೋಡು ಬೇಕಾದ್ರೆ."

ಅತ್ತೆ ವಿದ್ಯಾರ್ಥಿಗಳ ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಜೀವಮಾನ ದುಡಿದವರು. ಕಟ್ಟಳೆ ಅಂದರೆ ಏನೆಂದು ಅವರಿಗೆ ಗೊತ್ತಿತ್ತು. ಮಗುವಿನ ಕೋಣೆಯ ಹೊಸ್ತಿಲಲ್ಲಿ ನಿಂತು, ಚೂಟಿಗೆ ಕಾಣುವ ಹಾಗೆ ಎರಡೂ ಕೈ ಉಜ್ಜಿಕೊಂಡೇ ಒಳಗೆ ಬರುತ್ತಿದ್ದರು.

ತಿಂಗಳುಗಳು ಕಳೆದವು. ಮಗುವಿನ ಕೆನ್ನೆ ತುಂಬಿತು, ಕೈಕಾಲು ಬಲಿಯಿತು. ಆದರೆ ಅದು ಚೂಟಿಯ ಮುಖ ನೋಡುತ್ತಿರಲಿಲ್ಲ.

ಅವಳು ಎತ್ತಿಕೊಳ್ಳಲು ಬಾಗಿದ ಕೂಡಲೇ ಮಗುವಿನ ಮೈ ಸೆಟೆಯುತ್ತಿತ್ತು. ಮುಷ್ಟಿ ಬಿಗಿದು, ಹಿಮ್ಮಡಿಗಳನ್ನು ಹೊಟ್ಟೆಯ ಕಡೆಗೆ ಎಳೆದುಕೊಂಡು, ಮುಖವನ್ನು ಗೋಡೆಗೆ ತಿರುಗಿಸಿಬಿಡುತ್ತಿತ್ತು. ಅವಳು ತೊಟ್ಟಿಲನ್ನು ಸುತ್ತಿ ಆ ಕಡೆ ಹೋದರೆ ಮುಖ ಈ ಕಡೆಗೆ. ಗಿಲಕಿ ಆಡಿಸಿದರೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಹಾಲು ಮಾತ್ರ ಕುಡಿಯುತ್ತಿತ್ತು, ಗೋಡೆಯನ್ನು ನೋಡುತ್ತಾ. ಗಂಡನೂ ಮಾವನೂ ಇಷ್ಟು ಸಣ್ಣ ಮಗುವನ್ನು ಎತ್ತಲು ಹೆದರಿ ದೂರದಿಂದಲೇ ನೋಡುತ್ತಿದ್ದರು.

ಅತ್ತೆ ಎತ್ತಿಕೊಂಡರೆ ಬೇರೆಯೇ ಮಗು.

"ಏನೋ ಕಳ್ಳ ಮರೀ, ಎದ್ಯಾ? ಯಾರ್ ಎಬ್ಬಿಸಿದ್ರು ನಿನ್ನ? ಆ ಹಾಲಿನವನಾ? ಅವನ ಸೈಕಲ್ ಗಾಳಿ ಬಿಟ್ಬಿಡೋಣ್ವಾ?" ಎಂದು ಅವರು ಮಾತಿಗೆ ತೊಡಗಿದರೆ ಮಗು ಅವರ ಬಾಯಿಯನ್ನೇ ನೋಡುತ್ತಾ ಮಲಗುತ್ತಿತ್ತು. ಒಂದು ದಿನ ತಾನೂ "ಊ" ಅಂದಿತು. ಅತ್ತೆ ಮಾತು ನಿಲ್ಲಿಸಿ ಕಾದರು. ಮಗು ಮತ್ತೆ "ಊ" ಅಂದಿತು.

"ಹೌದಾ? ಆಮೇಲೆ?" ಅಂದರು ಅತ್ತೆ.

ಬಾಗಿಲಲ್ಲಿ ಒಗೆದ ಬಟ್ಟೆ ಹಿಡಿದು ನಿಂತಿದ್ದ ಚೂಟಿ ಎಲ್ಲವನ್ನೂ ನೋಡಿದಳು. ಅಳು ಬರಲಿಲ್ಲ. ಬಟ್ಟೆ ಒಣಹಾಕಿ, ಹಾಲಿನ ಸೀಸೆ ಕುದಿಸಿ, ಅನ್ನಕ್ಕೆ ಇಟ್ಟಳು.

ಅಂದು ಊಟಕ್ಕೆ ಕೂತಾಗ ಗಂಡ ಕೇಳಿದ, "ಏನಂತೆ ನಮ್ಮ ಮರಿ ಇವತ್ತು?"

"ಮಾತಾಡ್ತು ಕಣೋ! ಊ ಅಂತು!" ಅತ್ತೆಗೆ ಅನ್ನ ನುಂಗುವಷ್ಟು ತಾಳ್ಮೆ ಇರಲಿಲ್ಲ.

"ನಿಜವಾಗ್ಲೂ? ನೀನೂ ಕೇಳಿದ್ಯಾ ಚೂಟಿ?"

"ಹೂಂ."

"ಒಳ್ಳೇದಾಯ್ತಲ್ಲ!"

"ಹೂಂ" ಅಂದಳು ಮತ್ತೆ. "ಬೇಳೆ ಇನ್ನೂ ಬೇಕಾ ಮಾವ?"

ಮಾವ ಬೇಡವೆಂದು ತಲೆಯಾಡಿಸಿದರು. ಸ್ವಲ್ಪ ಹೊತ್ತಿನ ಮೇಲೆ, ಅವಳ ತಟ್ಟೆಯಲ್ಲಿ ಅನ್ನ ಹಾಗೇ ಇರುವುದನ್ನು ಕಂಡು, ತಮ್ಮ ಪಾಲಿನ ಮೊಟ್ಟೆಯನ್ನು ಅದರ ಪಕ್ಕಕ್ಕೆ ಸರಿಸಿದರು. ಚೂಟಿ ಅದನ್ನೂ ತಿನ್ನಲಿಲ್ಲ.

ಹಾಗೆ ಮುಂಚೆಯೇ ಹುಟ್ಟಿದ ಮಕ್ಕಳ ಬೆಳವಣಿಗೆ ನೋಡಲೆಂದೇ ಆಸ್ಪತ್ರೆಯಲ್ಲಿ ಒಂದು ಕೋಣೆಯಿತ್ತು. ಅಲ್ಲಿನ ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವರು. ನೆಲದ ಮೇಲೇ ಚಾಪೆ ಹಾಸಿ ಕೂರುತ್ತಿದ್ದರು. ಚೂಟಿ ಮಗುವನ್ನು ಎತ್ತಿಕೊಂಡು ಹೋದಳು. ಜೊತೆಗೆ ಚೀಲ ಹಿಡಿದು ಮಾವ.

"ತಿಂಗಳು ಲೆಕ್ಕ ಹಾಕುವಾಗ ಹುಟ್ಟಿದ ದಿನದಿಂದ ಹಾಕ್ಬೇಡಿ. ಹುಟ್ಟಬೇಕಿದ್ದ ದಿನದಿಂದ ಹಾಕಿ" ಅಂದರು ಡಾಕ್ಟರಮ್ಮ. "ಅವಸರ ಇಲ್ಲ. ನೀವು ನಕ್ಕರೆ ನಗತ್ತಾ?"

"ನಗತ್ತೆ" ಅಂದಳು ಚೂಟಿ.

"ಯಾರನ್ನ ನೋಡಿ ನಗತ್ತೆ?"

"ಮನೆಯವರನ್ನ."

ಮಾವ ಕೆಮ್ಮಿದರು. ಏನೋ ಹೇಳಲು ಬಾಯಿ ತೆರೆದು, ಸೊಸೆಯ ಮುಖ ನೋಡಿ ಚೀಲದ ಜಿಪ್ಪು ಎಳೆದರು.

ಡಾಕ್ಟರಮ್ಮ ಗೋಡೆಯ ಬಾಟಲಿ ಒತ್ತಿ, ಕೈ ಉಜ್ಜಿಕೊಂಡು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಮಗು ಸೆಟೆಯಿತು. ಮುಖ ಆಚೆಗೆ ತಿರುಗಿತು. ಡಾಕ್ಟರಮ್ಮ ಆ ಮುಖದ ಹಿಂದೆ ಬೀಳಲಿಲ್ಲ, ಹಾಗೇ ಕಾದು ಕೂತರು. ಬಹಳ ಹೊತ್ತಾದರೂ ಅದು ತಿರುಗಲಿಲ್ಲ.

"ಮುಖ ತಿರುಗಿಸಿದ್ರೆ ನೀವು ಬೇಡ ಅಂತಲ್ಲ. ಸಾಕಾಯ್ತು, ಸ್ವಲ್ಪ ತಡೀರಿ ಅಂತ ಹೇಳೋದು ಅದು" ಅಂದರು. "ಆ ಕಡೆ ಹೋಗಿ, ಈ ಕಡೆ ಹೋಗಿ ಮುಖ ಹುಡುಕ್ಬೇಡಿ. ಅದೇ ವಾಪಸ್ ಬರೋವರೆಗೆ ಕಾಯಿರಿ. ಆದ್ರೆ... ಇಷ್ಟು ಹೊತ್ತು ಬೇಕಾಗಬಾರದಿತ್ತು. ಮುಂದಿನ ತಿಂಗಳು ಮತ್ತೆ ನೋಡೋಣ."

ಹೊರಗೆ ಬಂದ ಮೇಲೆ ಮಾವ ಕೇಳಿದರು, "ಅಜ್ಜಿನ ನೋಡಿದ್ರೆ ಮಾತ್ರ ನಗತ್ತೆ ಅಂತ ಹೇಳಬಹುದಿತ್ತಲ್ಲಮ್ಮ?"

"ಹೇಳಿದ್ರೆ ಏನಾಗ್ತಿತ್ತು ಮಾವ?"

ಮಾವ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. "ಚೀಲದಲ್ಲಿ ಬಿಸ್ಕತ್ತಿದೆ. ತಿಂತೀಯಾ?" ಅಂದರು.

ಚೂಟಿ ಕೆಲಸ ಮಾಡುತ್ತಿದ್ದದ್ದು ಕನ್ನಡಕದ ಅಂಗಡಿಯಲ್ಲಿ. ಎದುರಿಗೆ ಕೂತವರ ಮೂಗಿನ ಮೇಲೆ ಚೌಕಟ್ಟು ಇಟ್ಟು, ಓರೆಯಿದ್ದರೆ ಬಿಸಿಗಾಳಿಯಲ್ಲಿ ಕಾಯಿಸಿ ಬಗ್ಗಿಸಿ, ಮತ್ತೆ ಇಟ್ಟು ನೋಡುವುದು. "ನನ್ನ ಕಡೆ ನೋಡಿ. ಮೇಲೆ. ಈಗ ನೇರ" ಎಂದು ದಿನವಿಡೀ ಹೇಳುತ್ತಿದ್ದವಳು. ಅಂಗಡಿಯ ಯಜಮಾನತಿ ಕೆಲಸ ಉಳಿಸಿಕೊಟ್ಟಿದ್ದರು. ಈಗ ಫೋನ್ ಮಾಡಿ, ಬರುವ ತಿಂಗಳ ಮೊದಲಿಗೆ ಬರಲೇಬೇಕು, ಇಲ್ಲದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಅಂದರು.

"ಹೋಗು. ಅಮ್ಮ ಇದ್ದಾಳಲ್ಲ ನೋಡ್ಕೊಳ್ಳೋಕೆ" ಅಂದ ಗಂಡ. ಅವನೊಬ್ಬನ ಸಂಬಳದಲ್ಲಿ ಮನೆ ಎಳೆದು ಎಳೆದು ಸುಸ್ತಾಗಿದ್ದ.

"ಅದು ನನ್ನನ್ನ ಒಂದು ಸಲನೂ ನೋಡಿಲ್ಲರೀ. ಈಗ ಇಡೀ ದಿನ ಬಿಟ್ಟು ಹೋದ್ರೆ ಇನ್ಯಾವಾಗ ನೋಡತ್ತೆ?"

"ಮಗು ಅದು. ಅದಕ್ಕೇನು ಗೊತ್ತಾಗತ್ತೆ?"

"ಅತ್ತೆ ಯಾರು ಅಂತ ಗೊತ್ತಾಗತ್ತಲ್ಲ."

ಅವನು ಬೂಟಿನ ಲಾಡಿ ಕಟ್ಟುತ್ತಾ ತಲೆ ಎತ್ತದೆ, "ಬಂದ್ಮೇಲೆ ಮಾತಾಡೋಣ" ಅಂದ. ಬಂದ ಮೇಲೆ ಉಂಡು ಮಲಗಿದ.

ಬಾಟಲಿಗಳನ್ನು ತುಂಬಿಸುವುದು ಚೂಟಿಯ ಕೆಲಸ. ಆ ವಾರ ದೊಡ್ಡ ಡಬ್ಬಿ ಹಿಡಿದು ಬಾಗಿಲಿಂದ ಬಾಗಿಲಿಗೆ ಹೋಗುತ್ತಿದ್ದವಳು ಅತ್ತೆಯೊಬ್ಬರೇ ಬಳಸುವ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಳು. ಉಳಿದ ಬಾಟಲಿಗಳೆಲ್ಲ ತಳ ಕಂಡಿದ್ದವು. ಇದು ಕತ್ತಿನವರೆಗೆ ತುಂಬಿತ್ತು. ಒತ್ತುವ ಬಿರಡೆಯ ಮೇಲೆ ಎಣ್ಣೆಜಿಡ್ಡು ಹತ್ತಿ, ಜಿಡ್ಡಿನ ಮೇಲೆ ಧೂಳು ಕೂತಿತ್ತು.

"ಅತ್ತೆ, ಈ ಬಾಟಲಿ ಯಾಕೆ ಇಳಿದೇ ಇಲ್ಲ?"

ಅತ್ತೆ ಆಲೂಗಡ್ಡೆ ಸುಲಿಯುತ್ತಿದ್ದರು. ಚಾಕು ನಿಂತಿತು. "ನಾನು ಕೋಣೆ ಹತ್ರ ಇರೋದನ್ನ ಹಚ್ಕೋತೀನಿ."

"ಅಲ್ಲಿಯದನ್ನ ನೀವು ಒತ್ತಿದ್ದನ್ನ ನಾನು ನೋಡಿಲ್ಲ. ಕೈ ಉಜ್ಜೋದನ್ನ ಮಾತ್ರ ನೋಡಿದೀನಿ."

ಅತ್ತೆ ಚಾಕು ಕೆಳಗಿಟ್ಟು ಎರಡೂ ಅಂಗೈ ಬಿಡಿಸಿ ತೋರಿಸಿದರು. ಬೆರಳ ಸಂದುಗಳಲ್ಲಿ, ಗೆಣ್ಣುಗಳಲ್ಲಿ ಚರ್ಮ ಸೀಳಿ ಕೆಂಪು ಕಾಣುತ್ತಿತ್ತು. "ಹಾಸ್ಟೆಲ್ಲಿನ ಪಾತ್ರೆ ತೊಳೆಯೋ ಸೋಡಾ ತಿಂದ ಕೈ ಕಣೇ ಇದು. ಸ್ಪಿರಿಟ್ಟು ಬಿದ್ರೆ ಜೀವ ಹೋಗತ್ತೆ. ಮೊದಲ ವಾರ ಹಚ್ಚಿದೆ, ತಡೆಯೋಕಾಗ್ಲಿಲ್ಲ. ಪಾತ್ರೆ ಸೋಪಲ್ಲಿ ಚೆನ್ನಾಗಿ ತೊಳ್ಕೊಂಡೇ ಮಗೂನ ಮುಟ್ಟೋದು."

"ಮತ್ತೆ ಬಾಗಿಲಲ್ಲಿ ನಿಂತು ಉಜ್ಜಿದ್ದು?"

"ಬರೀ ಕೈ."

"ನನಗೆ ತೋರಿಸೋಕೆ."

"ನಿನಗೆ ಸಮಾಧಾನ ಆಗ್ಲಿ ಅಂತ."

"ಪಕ್ಕದ ಪೆಟ್ಟಿಗೆ ಮಗು ಹೋಯ್ತಲ್ಲ ಅತ್ತೆ, ಅವರ ಮನೇಲೂ ಯಾರೋ ಹೀಗೇ ಸಮಾಧಾನ ಮಾಡಿರಬೇಕು."

ಅತ್ತೆಯ ಕೈ ತಾಗಿ ಆಲೂಗಡ್ಡೆಯ ತಟ್ಟೆ ನೆಲಕ್ಕೆ ಬಿತ್ತು. "ಏನಂದೆ?"

ಸದ್ದಿಗೆ ಮಾವ ಓಡಿ ಬಂದರು. ಆಗ ತಾನೇ ಕೆಲಸದಿಂದ ಬಂದಿದ್ದ ಗಂಡ ಬೂಟು ಕಾಲಲ್ಲೇ ಬಂದ.

"ಈಗೇನಾಯ್ತು? ಮಗು ಚೆನ್ನಾಗೇ ಇದ್ಯಲ್ಲ" ಅಂದ ವಿಷಯ ತಿಳಿದ ಮೇಲೆ.

"ಆಗಿದ್ದಿದ್ರೆ?"

"ಆಗಿಲ್ವಲ್ಲ ಚೂಟಿ!"

"ನಿಮ್ಮಮ್ಮನ್ನ ನಿಮ್ಮಕ್ಕನ ಮನೇಲಿ ಬಿಟ್ಟು ಬನ್ನಿ."

"ಬ್ರೇಕು, ಬ್ರೇಕು" ಅಂದರು ಮಾವ ಎರಡೂ ಕೈ ಎತ್ತಿ. "ಇಬ್ರೂ ಸ್ವಲ್ಪ ಗಾಡಿ ನಿಲ್ಸಿ."

"ಇಲ್ಲ, ಬಿಡಿ" ಅಂದರು ಅತ್ತೆ. ಅವರ ದನಿ ಏರಲಿಲ್ಲ. "ಹೋಗ್ತೀನಿ. ಮಗಳ ಮನೇಲಿ ಬಣ್ಣ ಬಳೀತಿದಾರೆ. ಅದು ಮುಗಿದ ಭಾನುವಾರ ಹೋಗ್ತೀನಿ. ಅಲ್ಲೀವರೆಗೆ ಅಡುಗೆ ಮಾಡಿದ್ರೆ ತಿಂತೀರೋ, ಅದಕ್ಕೂ ಸ್ಪಿರಿಟ್ಟು ಹಾಕ್ಬೇಕೋ?"



ಮರುದಿನ ಬೆಳಿಗ್ಗೆ ಮಗು ಎದ್ದು ಕೊಸರಾಡಿತು. ಅತ್ತೆ ಅಭ್ಯಾಸಬಲದಿಂದ ಕೋಣೆಗೆ ಬಂದರು. ಚೂಟಿ ಬಾಗಿಲಿಗೆ ಅಡ್ಡ ನಿಂತಳು.

"ಹಚ್ಕೊಳ್ಳಿ. ನಾನೇ ಒತ್ತುತೀನಿ."

"ಚೂಟಿ" ಎಂದರು ಮಾವ ಹಿಂದಿನಿಂದ.

"ಇರಲಿ ಬಿಡಿ" ಎಂದು ಅತ್ತೆ ಅಂಗೈ ಚಾಚಿದರು. ಸ್ಪಿರಿಟ್ಟು ಬಿದ್ದ ಕೂಡಲೇ ಹಲ್ಲು ಕಚ್ಚಿ ಉಸಿರು ಒಳಗೆಳೆದರು. ಕಣ್ಣಲ್ಲಿ ನೀರು ಬಂತು. ಬೆರಳ ಸಂದು ಬಿಡದೆ ಉಜ್ಜಿ, "ಸಾಕಾ?" ಎಂದು ಕೇಳಿ, ತೊಟ್ಟಿಲಿಗೆ ಬಾಗಿದರು.

"ಏನೋ ಕಳ್ಳ ಮರೀ..."

ಮಗು ಆ ದನಿಗೆ ಮುಖ ತಿರುಗಿಸಿತು. ಕೈ ಹತ್ತಿರ ಬಂತು. ಮಗುವಿನ ಮೂಗು ಒಂದಿಷ್ಟು ಅಲುಗಿತು. ಮೈ ಸೆಟೆಯಿತು, ಮುಷ್ಟಿ ಬಿಗಿಯಿತು, ಹಿಮ್ಮಡಿಗಳು ಹೊಟ್ಟೆಗೆ ಹೋದವು. ಮುಖ ಗೋಡೆಗೆ ತಿರುಗಿತು.

"ಮರೀ? ನಾನು ಕಣೋ. ಅಜ್ಜಿ." ಅತ್ತೆ ತೊಟ್ಟಿಲು ಸುತ್ತಿ ಆಚೆ ಹೋದರು. ಮುಖ ಈಚೆಗೆ ಬಂತು, ಕಣ್ಣು ಮುಚ್ಚಿಕೊಂಡು. "ಇದಕ್ಕೇನಾಯ್ತು? ನಿನ್ನೆವರೆಗೂ ನೋಡ್ತಿತ್ತಲ್ಲ? ಏನಾಯ್ತೇ ಇದಕ್ಕೆ?"

ಚೂಟಿಗೆ ಮೊದಲು ಆದದ್ದು ಒಂದು ಸಣ್ಣ ನೆಮ್ಮದಿ. ನನಗೊಬ್ಬಳಿಗೇ ಅಲ್ಲ. ಅದು ಎಂಥ ನೆಮ್ಮದಿಯೆಂದು ತಿಳಿದು ಅವಳು ನೆಲ ನೋಡಿದಳು. ಆಮೇಲೆ ಬಾಟಲಿ ನೋಡಿದಳು. ಆಮೇಲೆ ಮಗುವಿನ ಹಿಮ್ಮಡಿ. ಅಲ್ಲಿ ಸೂಜಿ ಚುಚ್ಚಿ ಚುಚ್ಚಿ ರಕ್ತ ತೆಗೆದ ಗುರುತುಗಳು ಬಿಳಿಯ ಚುಕ್ಕೆಗಳಾಗಿ ಇನ್ನೂ ಇದ್ದವು. ಚುಚ್ಚುವ ಮೊದಲು ಪ್ರತಿ ಸಲವೂ ಕಿಂಡಿಯಿಂದ ಒಂದು ಕೈ ಬರುತ್ತಿತ್ತು. ಪ್ರತಿ ಸಲವೂ ಕೈಗಿಂತ ಮುಂಚೆ ವಾಸನೆ ಬರುತ್ತಿತ್ತು.

"ಅತ್ತೆ" ಅಂದಳು. "ಕೈ ತೊಳ್ಕೊಂಡು ಬನ್ನಿ. ಸೋಪಲ್ಲಿ."

"ಮತ್ತೇನೇ ಈಗ?"

"ತೊಳ್ಕೊಂಡು ಬನ್ನಿ ಅತ್ತೆ."

ಅತ್ತೆ ತೊಳೆದು ಬಂದರು. ತಡವಾಯಿತು, ಪಾತ್ರೆ ಸೋಪು, ನೀರು, ಮತ್ತೆ ಸೋಪು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಿಂಜರಿಯುತ್ತಾ ಚಾಚಿದರು. ಮಗು ಅವರ ತೋಳಿಗೆ ಹೋದ ಮೇಲೂ ಸ್ವಲ್ಪ ಹೊತ್ತು ಬಿಗಿಯಾಗಿಯೇ ಇತ್ತು. ನಿಧಾನವಾಗಿ ಕಾಲು ಚಾಚಿತು. ಮುಖ ಎತ್ತಿ ಅವರ ಬಾಯಿ ನೋಡಿತು.

ಮಾವ ತಮ್ಮ ಎರಡೂ ಕೈ ಮೂಗಿಗೆ ಹಿಡಿದು ಮೂಸಿದರು. ಆಮೇಲೆ ಮಗನ ಡ್ರಿಲ್ಲಿನ ಚೀಲದಿಂದ ಸ್ಕ್ರೂಡ್ರೈವರ್ ತಂದು ಬಾಗಿಲುಗಳ ಬಾಟಲಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.

ಚೂಟಿ ಫೋನಿನಲ್ಲಿ ಎಲ್ಲವನ್ನೂ ಡಾಕ್ಟರಮ್ಮನಿಗೆ ಹೇಳಿದಳು. "ಹಾಗೇ ಇರಬೇಕು. ಎಲ್ಲ ಮಕ್ಕಳಿಗೂ ಹೀಗಾಗತ್ತೆ ಅಂತ ಹೇಳಲಾರೆ, ನಿಮ್ಮ ಮಗು ಹಾಗೆ ಕಲ್ತಿರಬಹುದು. ಮನೇಲಿ ಸೋಪು ನೀರು ಧಾರಾಳ ಸಾಕು. ನಾನು ಆವತ್ತೇ ಕೇಳ್ಬೇಕಿತ್ತು" ಅಂದರು. ಆಮೇಲೆ, "ತಕ್ಷಣ ಏನೂ ಆಗಲ್ಲಮ್ಮ. ನಿಮ್ಮ ಮುಖಕ್ಕೂ ಆ ವಾಸನೆಗೂ ಅದು ಗಂಟು ಹಾಕ್ಬಿಟ್ಟಿದೆ. ಬಿಚ್ಚೋಕೆ ಸಮಯ ಕೊಡಿ" ಅಂದರು.

ತಕ್ಷಣ ಏನೂ ಆಗಲಿಲ್ಲ. ಚೂಟಿ ಸೋಪಿನಲ್ಲಿ ಕೈ ತೊಳೆದು ಎತ್ತಿಕೊಂಡರೆ ಮಗು ಸೆಟೆಯುವುದು ಕಡಿಮೆಯಾಯಿತು, ಬಿಗಿದ ಮುಷ್ಟಿ ಅರ್ಧ ಬಿಚ್ಚಿತು. ನೋಡುವುದು ಮಾತ್ರ ಗೋಡೆಯನ್ನೇ. ಅವಳು ತೊಟ್ಟಿಲು ಸುತ್ತುವುದನ್ನು ನಿಲ್ಲಿಸಿದಳು. ಗಿಲಕಿಯನ್ನು ಎತ್ತಿಟ್ಟಳು. ಗೋಡೆ ನೋಡುವ ಮಗುವನ್ನು ನೋಡುತ್ತಾ ಕೂರುವುದು ಅವಳ ದಿನದ ಕೆಲಸಗಳಲ್ಲಿ ಒಂದಾಯಿತು, ಪಾತ್ರೆ ತೊಳೆಯುವ ಹಾಗೆ, ನೆಲ ಒರೆಸುವ ಹಾಗೆ.

ಅತ್ತೆ ಈಗ ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅಡುಗೆ ಮಾಡುವರು, ಬಟ್ಟೆ ಮಡಿಸುವರು, ಹಾಲಿನ ಸೀಸೆ ತೊಳೆದು ಸಾಲಾಗಿ ಇಡುವರು. ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ.

"ಎತ್ಕೊಳ್ಳಿ ಅತ್ತೆ. ನಿಮ್ಮನ್ನ ಹುಡುಕತ್ತೆ" ಅಂದಳು ಚೂಟಿ ಒಂದು ದಿನ.

"ಬೇಡಮ್ಮ. ನನ್ನ ಕೈ ನೆಟ್ಟಗಿಲ್ಲ."

"ನಾನು ಆ ಮಾತು..."

"ಒಲೆ ಮೇಲೆ ಹಾಲಿದೆ" ಎಂದು ಅತ್ತೆ ಎದ್ದು ಹೋದರು.

ಚೂಟಿ ಔಷಧಿ ಅಂಗಡಿಯಿಂದ ಬಿರುಕಿಗೆ ಹಚ್ಚುವ ಮುಲಾಮು ತಂದು ಒಲೆಯ ಪಕ್ಕದಲ್ಲಿಟ್ಟಳು. ಅದು ಎರಡು ದಿನ ಅಲ್ಲೇ ಇತ್ತು. ಮೂರನೆಯ ದಿನ ನೋಡಿದರೆ ಮುಚ್ಚಳ ಸಡಿಲವಾಗಿತ್ತು. ಅಷ್ಟೆ.

"ಬಣ್ಣ ಒಣಗಿದ್ಯಂತೆ" ಅಂದ ಗಂಡ ಶನಿವಾರ ಊಟದ ಹೊತ್ತಿನಲ್ಲಿ, ಅಕ್ಕನ ಫೋನು ಇಟ್ಟು. "ನಾಳೆ ಮಧ್ಯಾಹ್ನ ಬನ್ನಿ ಅಂದ್ಳು."

"ಒಣಗದೇ ಏನ್ ಮಾಡತ್ತೆ" ಅಂದರು ಅತ್ತೆ.

"ನೀವೂ ಹೋಗ್ತೀರಾ ಮಾವ?" ಚೂಟಿ ಕೇಳಿದಳು.

"ಅವಳಿಲ್ದೆ ನನಗಿಲ್ಲಿ ಊಟ ಯಾರು ಹಾಕ್ತಾರೆ? ನೀನು ಮಗೂನೇ ನೋಡ್ತೀಯೋ, ಕನ್ನಡಕಾನೇ ನೋಡ್ತೀಯೋ, ಈ ಮುದುಕನ್ನೇ ನೋಡ್ತೀಯೋ."

"ಕನ್ನಡಕ ಇಲ್ಲ ಮಾವ. ಅಂಗಡಿಗೆ ಬರಲ್ಲ ಅಂತ ಸೋಮವಾರ ಹೇಳ್ಬಿಡ್ತೀನಿ."

ಗಂಡ ತುತ್ತು ನಿಲ್ಲಿಸಿ ಅವಳನ್ನೂ ಅಮ್ಮನನ್ನೂ ನೋಡಿದ. "ಇಬ್ರಲ್ಲಿ ಒಬ್ರಾದ್ರೂ ಒಂದು ಮಾತು ಆಡಿ" ಅಂದ. "ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರಾದ್ರೂ ಗಂಟೆ ಒತ್ತುತ್ತಾರೆ."

ಅತ್ತೆ ಅವನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದರು. ಚೂಟಿ ನೀರು ಬಗ್ಗಿಸಿದಳು. ಹೋಗಬೇಡಿ ಅನ್ನುವುದು ಒಂದೇ ಒಂದು ಮಾತು. ಅದನ್ನು ಅವಳು ಅಂದು ಪಾತ್ರೆ ತೊಳೆಯುವಾಗ ಎರಡು ಸಲ, ಹಾಸಿಗೆ ಹಾಸುವಾಗ ಒಂದು ಸಲ ಬಾಯಿಯವರೆಗೆ ತಂದಳು. ಅತ್ತೆ ಎದುರಿಗೆ ಬಂದಾಗ ಕೇಳಿದ್ದು, "ಬೆಳಿಗ್ಗೆಗೆ ಆಲೂಗಡ್ಡೆ ಬೇಯಿಸ್ಲಾ?" ಎಂದು.

ಭಾನುವಾರ ಅತ್ತೆ ಬೇಗ ಎದ್ದು ಎರಡು ಹೊತ್ತಿನ ಅಡುಗೆ ಮಾಡಿ ಮುಚ್ಚಿಟ್ಟರು. ಬಟ್ಟೆಯ ಚೀಲ ಹೊರಬಾಗಿಲ ಹತ್ತಿರ ಬಂತು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಪ್ಪಲಿ ಹಾಕಿಕೊಂಡು, ಹಾಕಿಕೊಂಡ ಮೇಲೂ ಜಗಲಿಯಲ್ಲಿ ಅತ್ತಿತ್ತ ಸುಳಿದಾಡುತ್ತಿದ್ದರು. ಗಂಡ ಬಾಡಿಗೆ ಗಾಡಿ ಕರೆತರಲು ಹೋಗಿದ್ದ.

ಚೂಟಿ ಕೋಣೆಯ ನೆಲದ ಮೇಲೆ, ಬಾಗಿಲಿಗೆ ಎದುರಾಗಿ ಗೋಡೆಗೊರಗಿ ಕೂತಿದ್ದಳು. ಮೊಣಕಾಲು ಮಡಿಸಿ, ತೊಡೆಯ ಇಳಿಜಾರಿನಲ್ಲಿ ಮಗುವನ್ನು ಒರಗಿಸಿಕೊಂಡಿದ್ದಳು. ಮಗುವಿನ ಬೆನ್ನು ಬಾಗಿಲ ಕಡೆಗೆ. ಮುಖ ಎಂದಿನ ಹಾಗೆ ಪಕ್ಕದ ಗೋಡೆಗೆ. ಆಗಲೇ ಹಾಲು ಕುಡಿದಾಗಿತ್ತು. ಅವಳು ಏನನ್ನೂ ಕಾಯುತ್ತಿರಲಿಲ್ಲ, ಸುಮ್ಮನೆ ಕೂತಿದ್ದಳು.

ಮಗು ಅವಳ ಗದ್ದ ನೋಡಿತು. ನೋಟ ಕೂಡಲೇ ಗೋಡೆಗೆ ಹೋಯಿತು.

ಚೂಟಿ ಅಲುಗಲಿಲ್ಲ.

ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಈ ಸಲ ಗದ್ದದಿಂದ ಬಾಯಿಗೆ, ಬಾಯಿಯಿಂದ ಮೂಗಿಗೆ, ಕಣ್ಣಿಗೆ. ಅಲ್ಲಿ ನಿಂತಿತು. ಹುಬ್ಬು ಗಂಟಿಕ್ಕಿ, ಗುರುತು ಸಿಗದ ವಿಳಾಸ ಓದುವ ಅಂಚೆಯವನ ಹಾಗೆ ನೋಡಿತು. ಮತ್ತೆ ಗೋಡೆ. ಚೂಟಿ ಕರೆಯಲಿಲ್ಲ, ಬಾಗಲಿಲ್ಲ, ಆ ಪಕ್ಕಕ್ಕೆ ಸರಿಯಲಿಲ್ಲ. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

ಮಗು ಮತ್ತೆ ಅವಳ ಕಡೆ ತಿರುಗಿತು. ಅವಳ ಕಣ್ಣನ್ನೇ ನೋಡುತ್ತಾ "ಊ" ಅಂದಿತು.

"ಊ" ಅಂದಳು ಚೂಟಿ.

ಮಗುವಿನ ತುಟಿಯ ಒಂದು ಬದಿ ಮಾತ್ರ ಮೇಲೆದ್ದಿತು. ಓರೆಯಾದ ಚೌಕಟ್ಟಿನ ಹಾಗೆ. ಇಳಿಯಿತು. ಮತ್ತೆ ಎದ್ದಿತು, ಈ ಸಲ ಎರಡೂ ಬದಿ.

ಹೊಸ್ತಿಲಿನ ಆಚೆ ಎರಡು ಪಾದಗಳು ಬಂದು ನಿಂತದ್ದು ಚೂಟಿಗೆ ಕಣ್ಣಂಚಿನಲ್ಲಿ ಕಂಡಿತು. ಅತ್ತೆ. ಹೊರಡುವ ಮೊದಲು ಮಗುವನ್ನು ನೋಡಿ ಹೋಗಲು ಬಂದಿದ್ದರು. ಅವರು ಒಂದು ಸಲ ಕರೆದಿದ್ದರೆ ಸಾಕಿತ್ತು, ಮಗು ಇಡೀ ಮೈ ತಿರುಗಿಸಿ ಅವರ ಕಡೆ ನೋಡುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಚೂಟಿ ತಲೆ ಎತ್ತಲಿಲ್ಲ. ಎತ್ತಿದರೆ ಮಗುವಿನ ಕಣ್ಣು ಕೈಬಿಟ್ಟು ಹೋಗುತ್ತಿತ್ತು.

ಪಾದಗಳು ಒಂದು ಹೆಜ್ಜೆ ಹಿಂದಕ್ಕೆ ಹೋದವು. ಮತ್ತೊಂದು ಹೆಜ್ಜೆ. ಕಾಣದಾದವು.

"ಹೊರಡೋಣ್ವೇನೇ? ಗಾಡಿ ಬಂದಿದೆ" ಮಾವನ ದನಿ ಜಗಲಿಯಿಂದ.

"ಶ್..." ಅಡುಗೆಮನೆಯಿಂದ ಅತ್ತೆಯ ಪಿಸುದನಿ. "ಗಾಡಿ ಕಳಿಸಿ. ಚೂಟಿ ಇನ್ನೂ ಊಟ ಮಾಡಿಲ್ಲ."

"ಕಳಿಸೋದಾ? ಕಾಯೋಕೆ ಹೇಳೋದಾ?"

"ಕಳಿಸಿ ಅಂದೆ. ಚಪ್ಪಲಿ ಬಿಚ್ಚಿ ಮೊದ್ಲು, ಎಷ್ಟ್ ಸದ್ದು ಮಾಡ್ತೀರಿ."

ಮುಚ್ಚಳ ಎತ್ತಿದ ಸದ್ದೂ ಬರಲಿಲ್ಲ. ಅನ್ನದ ಬಿಸಿಯ ವಾಸನೆ ಮಾತ್ರ ಬಂತು. ಚೂಟಿಗೆ ಸಂತೋಷವೋ ದುಃಖವೋ ಏನೂ ತಿಳಿಯಲಿಲ್ಲ. ಹೊಟ್ಟೆ ಹಸಿದಿದೆಯೆಂದು ಮಾತ್ರ ತಿಳಿಯಿತು. ಮಗು ಇನ್ನೂ ನೋಡುತ್ತಿತ್ತು.

ಅತ್ತೆ ಬರಿಗಾಲಲ್ಲಿ, ಗೋಡೆಗೆ ಮೈ ತಾಗಿಸಿಕೊಂಡು, ಮಗುವಿನ ಬೆನ್ನ ಹಿಂದಿನಿಂದಲೇ ಬಂದರು. ಮಗುವಿನ ತಲೆಗಿಂತ ಕೆಳಗೆ ಬಗ್ಗಿ, ಹಾಗೇ ಕುಕ್ಕರಗಾಲಿನಲ್ಲಿ ಕೂತರು. ಅನ್ನ ಬೇಳೆ ಕಲಸಿ, ಆಲೂಗಡ್ಡೆ ಕಿವುಚಿ, ಒಂದೇ ಕೈಯಲ್ಲಿ ತಿನ್ನಲಾಗುವಂತೆ ಚಮಚ ಸಿಕ್ಕಿಸಿದ ತಟ್ಟೆ. ಅದನ್ನು ಚೂಟಿಯ ಬಲಗೈ ಹತ್ತಿರ ಹಿಡಿದರು. ಚೂಟಿ ಕಣ್ಣು ತೆಗೆಯದೆ ಕೈ ಚಾಚಿದಳು. ತಟ್ಟೆಯ ಅಂಚು ಅವಳ ಬೆರಳಿಗೆ ಸಿಕ್ಕಿ, ಹಿಡಿತ ಗಟ್ಟಿಯಾಗುವವರೆಗೂ ಅತ್ತೆ ಬಿಡಲಿಲ್ಲ. ಆಮೇಲೆ ಬಿಟ್ಟರು.